ಮಾಜಿ ಸೈನಿಕರಿಗೆ ಮನೆ ಕೊಡಿಸುವ ಯೋಜನೆ: ವರದಿ ನೋಡುವುದು ಹೇಗೆ?

ನವೆಂಬರ್ 11ರ ವೆಟರನ್ಸ್ ಡೇ (ಅಮೆರಿಕದ ಮಾಜಿ ಸೈನಿಕರ ದಿನ) ಹತ್ತಿರ ಬಂದರೆ ಸಾಕು, ನಮ್ಮ ಕನ್ನಡ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಪ್ರಶ್ನೆ ಬರುತ್ತದೆ. "ಮನೆ ಇಲ್ಲದ ಮಾಜಿ ಸೈನಿಕರಿಗೆ ದುಡ್ಡು ಕೊಡೋಣ ಅಂತಿದ್ದೀವಿ, ಯಾವ ಸಂಸ್ಥೆ ಒಳ್ಳೇದು?" ಇಲ್ಲಿ ಟೆಕ್ಸಾಸ್‌ನಲ್ಲಿ ಇಂಥ ಸಂಸ್ಥೆಗಳ ಅನುದಾನದ ಅರ್ಜಿಗಳಿಗೆ ಅಂಕ ಹಾಕುವ ಸಮಿತಿಯೊಂದರಲ್ಲಿ ನಾನು ವಾಲಂಟಿಯರ್. ಹಾಗಾಗಿ ಪ್ರಶ್ನೆ ಸುತ್ತಿ ಬಳಸಿ ನನ್ನ ಹತ್ತಿರವೇ ಬರುತ್ತದೆ. ಸಂಸ್ಥೆಯ ಹೆಸರು ಹೇಳುವುದಕ್ಕಿಂತ ನಾನು ಅರ್ಜಿ ಓದುವ ರೀತಿ ಹೇಳಿಬಿಡುತ್ತೇನೆ.

ಮಡಿಕೇರಿಯ ನಮ್ಮ ಮಾವನಿಗೆ ಈ ವಿಷಯವೇ ಅರ್ಥವಾಗಲ್ಲ. "ಅಲ್ಲಯ್ಯಾ, ಮಿಲಿಟರಿಯವರಿಗೆ ಪೆನ್ಷನ್ ಬರಲ್ವಾ?" ಅನ್ನುತ್ತಾರೆ. ಅವರ ಕಾಲದ ಸಿಪಾಯಿಗೆ 15 ವರ್ಷ ಮುಗಿಸಿದರೆ ಪೆನ್ಷನ್ ಇತ್ತು. ಇಲ್ಲಿ ಸಾಮಾನ್ಯವಾಗಿ 20 ವರ್ಷ ಬೇಕು. ನಾಲ್ಕೈದು ವರ್ಷಕ್ಕೇ ಹೊರಗೆ ಬರುವವರು ಬಹಳ ಜನ. ಗಾಯವೋ ಕಾಯಿಲೆಯೋ ಆಗಿದ್ದರೆ ಅದರ ಪರಿಹಾರ ಬೇರೆ. ಅದಕ್ಕೂ ಅರ್ಜಿ ಹಾಕಿ ಕಾಯಬೇಕು.

ಮೊದಲು, ಎದುರಿಗಿರುವುದು ಯಾವ ಥರದ ಯೋಜನೆ ಅಂತ ನೋಡಿ. ಹಡ್-ವ್ಯಾಶ್ ಅನ್ನುವುದರಲ್ಲಿ ವಸತಿ ಇಲಾಖೆ ಬಾಡಿಗೆ ವೋಚರ್ ಕೊಡುತ್ತದೆ, ಮಾಜಿ ಸೈನಿಕರ ಇಲಾಖೆ (ಇಲ್ಲಿ ಎಲ್ಲರೂ ವಿಎ ಅನ್ನುತ್ತಾರೆ) ಕೇಸ್ ಮ್ಯಾನೇಜರ್ ಕೊಡುತ್ತದೆ, ಅಂದರೆ ಜೊತೆಗಿದ್ದು ಬೇಕಾದ ನೆರವು ಕೊಡಿಸುವ ಒಬ್ಬ ಸಿಬ್ಬಂದಿ. ಬಾಡಿಗೆದಾರ ತನ್ನ ಆದಾಯದ ಸುಮಾರು 30% ಕಟ್ಟುತ್ತಾನೆ, ಉಳಿದದ್ದು ವೋಚರ್‌ನಿಂದ. ಇದು ವರ್ಷಗಟ್ಟಲೆ ನಡೆಯುವಂಥದ್ದು. ಎಸ್‌ಎಸ್‌ವಿಎಫ್ ಅನ್ನುವುದು ಅಲ್ಪ ಕಾಲದ ಕೈಆಸರೆ. ಅಡ್ವಾನ್ಸ್, ಕೆಲವು ತಿಂಗಳ ಬಾಡಿಗೆ, ಬಾಕಿ ಉಳಿದ ಕರೆಂಟ್ ಬಿಲ್, ಇಂಥವು. ಜಿಪಿಡಿ ಅನ್ನುವ ಮೂರನೆಯದರಲ್ಲಿ ತಾತ್ಕಾಲಿಕವಾಗಿ ಇರಲು ಜಾಗ ಕೊಡುತ್ತಾರೆ, ಹೆಚ್ಚೆಂದರೆ ಎರಡು ವರ್ಷ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯ. ಮೊದಲನೆಯದಕ್ಕೆ ಬರುವವರು ಸಾಮಾನ್ಯವಾಗಿ ಹೆಚ್ಚು ಕಾಯಿಲೆ ಇರುವವರು, ಹೆಚ್ಚು ಕಾಲ ಬೀದಿಯಲ್ಲಿ ಕಳೆದವರು.

ಈಗ ಸಂಸ್ಥೆಯ ವರದಿ ತೆರೆಯಿರಿ. ಮೊದಲ ಪುಟದಲ್ಲಿ ಧ್ವಜ, ನಗುಮುಖ, "ಇಷ್ಟು ಸಾವಿರ ಜನರಿಗೆ ಸೇವೆ" ಅನ್ನುವ ದಪ್ಪ ಅಕ್ಷರ ಇರುತ್ತದೆ. ಅದನ್ನು ದಾಟಿ ಮುಂದೆ ಹೋಗಿ. ಸೇವೆ ಅಂದರೆ ಒಂದು ಊಟವೂ ಆಗಬಹುದು, ಒಂದು ಫೋನ್ ಕಾಲೂ ಆಗಬಹುದು. ನಾನು ಹುಡುಕುವುದು ಶೇಕಡಾ ಲೆಕ್ಕವನ್ನು, ಅದಕ್ಕಿಂತ ಮುಖ್ಯವಾಗಿ ಆ ಶೇಕಡಾ ಯಾರ ಪೈಕಿ ಅನ್ನುವುದನ್ನು.

ಒಂದು ಕಾಲ್ಪನಿಕ ಉದಾಹರಣೆ ನೋಡಿ. 100 ಜನ ಹೆಸರು ಬರೆಸಿದರು. 60 ಜನರಿಗೆ ವೋಚರ್ ಸಿಕ್ಕಿತು. ಅವರಲ್ಲಿ 40 ಜನರಿಗೆ ಮಾತ್ರ ಬಾಡಿಗೆ ಕೊಡುವ ಓನರ್ ಸಿಕ್ಕಿದರು. ವರ್ಷ ಕಳೆದ ಮೇಲೆ 36 ಜನ ಅದೇ ಮನೆಯಲ್ಲಿದ್ದಾರೆ. ವರದಿ ಏನು ಹೇಳುತ್ತದೆ? "ಯಶಸ್ಸು 90%!" ಲೆಕ್ಕ ಸುಳ್ಳಲ್ಲ, 40ಕ್ಕೆ 36 ಅಂದರೆ 90 ನಿಜವೇ. ಆದರೆ ಬಾಗಿಲು ತಟ್ಟಿದವರು 100 ಜನ, ಅಲ್ವಾ? ವೋಚರ್ ಕೈಯಲ್ಲಿ ಹಿಡಿದು ಮನೆ ಸಿಗದೆ ಅಲೆದ ಆ 20 ಜನ ಎಲ್ಲಿ ಹೋದರು ಅಂತ ಕೇಳಿ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಇದೇ ಮುಖ್ಯ ಪ್ರಶ್ನೆ. ಹಡ್-ವ್ಯಾಶ್‌ನಲ್ಲಿ ಮನೆ ಹುಡುಕಲು ಮೊದಲಿಗೆ ಕನಿಷ್ಠ 120 ದಿನ ಕೊಡಬೇಕು ಅಂತ ನಿಯಮವಿದೆ. ಬಾಡಿಗೆ ಏರಿದ ಊರಿನಲ್ಲಿ ಅದೂ ಸಾಲದು. ಹಳೇ ಸಾಲ, ಜೈಲಿನ ದಾಖಲೆ ಇದ್ದವರಿಗಂತೂ ಕೇಳುವುದೇ ಬೇಡ. ಓನರ್‌ಗಳ ಜೊತೆ ಮಾತಾಡಿ ಒಪ್ಪಿಸುವುದಕ್ಕೆಂದೇ ಒಬ್ಬರನ್ನು ಇಟ್ಟುಕೊಂಡ ಸಂಸ್ಥೆಗೆ ನಾನು ಕಣ್ಣು ಮುಚ್ಚಿ ಒಂದಂಕ ಜಾಸ್ತಿ ಹಾಕುತ್ತೇನೆ.

ಆಮೇಲೆ, ಯೋಜನೆಯಿಂದ ಹೊರಗೆ ಹೋದವರು ಎಲ್ಲಿಗೆ ಹೋದರು ಅನ್ನುವ ಪಟ್ಟಿ ಕೇಳಿ. ಈ ಸಂಸ್ಥೆಗಳು ಎಚ್‌ಎಂಐಎಸ್ ಅನ್ನುವ ಡೇಟಾಬೇಸ್‌ನಲ್ಲಿ ಅದನ್ನು ದಾಖಲಿಸುತ್ತವೆ. ಸ್ವಂತ ಬಾಡಿಗೆ ಮನೆ, ನೆಂಟರ ಮನೆಯಲ್ಲಿ ಕಾಯಂ, ಗೆಳೆಯನ ಮನೆಯಲ್ಲಿ ಸದ್ಯಕ್ಕೆ, ಆಸ್ಪತ್ರೆ, ಜೈಲು, ಹೀಗೆ ಸಾಲು ಸಾಲಾಗಿ ಇರುತ್ತದೆ. ಕೊನೆಯಲ್ಲಿ "ಮಾಹಿತಿ ಪಡೆದಿಲ್ಲ" ಅನ್ನುವ ಸಾಲು. ನಾನು ಮೊದಲು ಬೆರಳಿಡುವುದು ಅಲ್ಲಿ. ಆ ಸಾಲು ದಪ್ಪಗಿದ್ದರೆ ಮೇಲಿನ ಶೇಕಡಾಗಳನ್ನು ನಂಬುವುದು ಕಷ್ಟ. ಹೇಳದೆ ಹೋದವರೆಲ್ಲ ಒಳ್ಳೆಯ ಮನೆಗೇ ಹೋದರು ಅಂತ ಅಂದುಕೊಳ್ಳಲು ಆಗಲ್ಲ. "ಸದ್ಯಕ್ಕೆ ಗೆಳೆಯನ ಮನೆ" ಅನ್ನುವುದನ್ನು ಕಾಯಂ ಮನೆಯ ಲೆಕ್ಕಕ್ಕೆ ಸೇರಿಸಿದ್ದಾರಾ ಅಂತಲೂ ನೋಡಿ.

ಮನೆ ಸಿಕ್ಕವರು ಮತ್ತೆ ಬೀದಿಗೆ ಬಂದರಾ? ವಸತಿ ಇಲಾಖೆಯೇ 6, 12, 24 ತಿಂಗಳಿಗೆ ಇದನ್ನು ಅಳೆಯುತ್ತದೆ. 6 ತಿಂಗಳ ಅಂಕಿ ಮಾತ್ರ ತೋರಿಸಿದರೆ 24ರದ್ದು ಕೊಡಿ ಅನ್ನಿ. ಎಸ್‌ಎಸ್‌ವಿಎಫ್‌ನಂಥ ಅಲ್ಪ ಕಾಲದ ನೆರವಿನಲ್ಲಿ ಇದು ಇನ್ನೂ ಮುಖ್ಯ. ನೆರವು ನಿಂತ ಮೇಲಿನ ಬಾಡಿಗೆಯೇ ನಿಜವಾದ ಪರೀಕ್ಷೆ.

ವೇಗವನ್ನೂ ನೋಡಿ. ಒಂದು ಊರು ಈ ಸಮಸ್ಯೆಯನ್ನು ಗೆದ್ದಿದೆ ಅನ್ನಲು ಕೇಂದ್ರ ಸರ್ಕಾರ ಇಟ್ಟ ಅಳತೆಗಳಲ್ಲಿ ಒಂದು, ಗುರುತಿಸಿದ ದಿನದಿಂದ ಕಾಯಂ ಮನೆಗೆ ಸರಾಸರಿ 90 ದಿನದೊಳಗೆ ಸೇರಿಸಬೇಕು ಅನ್ನುವುದು. ಲೆಕ್ಕ ಹೆಸರು ಬರೆದ ದಿನದಿಂದ ಶುರುವಾಗಿದೆಯಾ, ವೋಚರ್ ಬಂದ ದಿನದಿಂದಲಾ ಅಂತ ಕೇಳಲು ಮರೆಯಬೇಡಿ. ಮಧ್ಯದಲ್ಲಿ ಡಿಡಿ-214 ಅನ್ನುವ ಸೇನೆಯ ಬಿಡುಗಡೆ ಪತ್ರ ಕಳೆದುಹೋಗಿ, ಹೊಸ ಪ್ರತಿಗೆ ಕಾದು ಕಾದು ವಾರಗಳು ಹೋಗಿರುತ್ತವೆ.

ಕುಡಿತ ಬಿಟ್ಟರೆ ಮಾತ್ರ ಮನೆ ಅನ್ನುವ ಸಂಸ್ಥೆಗಳ ಬಗ್ಗೆ ನಮ್ಮವರಲ್ಲಿ ಬಹಳ ಮೆಚ್ಚುಗೆ. "ಶಿಸ್ತು ಬೇಕಲ್ವಾ" ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 460 ಮಾಜಿ ಸೈನಿಕರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದ್ದರು. ವೋಚರ್ ಜೊತೆ ಕೇಸ್ ಮ್ಯಾನೇಜರ್ ಸಿಕ್ಕವರು, ಬರೀ ಕೇಸ್ ಮ್ಯಾನೇಜರ್ ಸಿಕ್ಕವರಿಗಿಂತ 16% ಹೆಚ್ಚು ದಿನ ಮನೆಯಲ್ಲಿದ್ದರು. ಮಾಮೂಲಿ ನೆರವು ಪಡೆದವರಿಗಿಂತ 25% ಹೆಚ್ಚು. ಆದರೆ ಕುಡಿತ, ಮಾನಸಿಕ ಆರೋಗ್ಯದಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ವೋಚರ್ ಮನೆಯ ಸಮಸ್ಯೆಗೆ ಔಷಧಿ, ಬೇರೆಲ್ಲದಕ್ಕೂ ಅಲ್ಲ. ವ್ಯಸನ ಬಿಡಿಸಲಿಲ್ಲ ಅಂತ ಅದಕ್ಕೆ ಅಂಕ ಕಡಿಮೆ ಮಾಡಬೇಡಿ.

ದೇಶದ ಅಂಕಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ 2010ರಲ್ಲಿ 74,087 ಮಾಜಿ ಸೈನಿಕರಿಗೆ ಮನೆ ಇರಲಿಲ್ಲ. 2024ರಲ್ಲಿ 32,882. ಅದೇ 2024ರಲ್ಲಿ ಮನೆ ಇಲ್ಲದವರ ಒಟ್ಟು ಎಣಿಕೆ ಅಲ್ಲಿವರೆಗಿನ ದಾಖಲೆಯ ಗರಿಷ್ಠ ಮಟ್ಟಕ್ಕೆ ಏರಿತ್ತು. ಮಾಜಿ ಸೈನಿಕರ ಅಂಕಿಯ ಈ ಇಳಿತಕ್ಕೆ ವೋಚರ್‌ಗಳ ದೊಡ್ಡ ಪಾಲಿದೆ. ಹಾಗಂತ ಯಾವುದೋ ಒಂದು ಸಂಸ್ಥೆ ತನ್ನ ಊರಿನ ಇಳಿತವೆಲ್ಲ ತನ್ನಿಂದಲೇ ಅಂದರೆ ಸುಮ್ನೆ ತಲೆಯಾಡಿಸಿ, ತನ್ನ ಪಟ್ಟಿಯ ಜನ ಎಲ್ಲಿದ್ದಾರೆ ಅಂತ ಕೇಳಿ.

ಇನ್ನು ದುಡ್ಡು. ಬಾಡಿಗೆಗೆ ಸರ್ಕಾರದ ಹಣ ಇದೆ. ಕೊರತೆ ಬೀಳುವುದು ವೋಚರ್ ಸಾಮಾನ್ಯವಾಗಿ ಮುಟ್ಟದ ಕಡೆ: ಹಾಸಿಗೆ, ಪಾತ್ರೆ, ಹಳೇ ಬಾಡಿಗೆ ಬಾಕಿ, ಅರ್ಜಿ ಶುಲ್ಕ. ಕೂಟದವರಿಗೆ ನಾನು ಹೇಳುವುದು ಇಷ್ಟೇ. ಮೇಲಿನ ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕಳಿಸಿ, ಎರಡು ವಾರ ಕಾಯಿರಿ. ಅಂಕಿ ಚೆನ್ನಾಗಿಲ್ಲದಿದ್ದರೂ ನೇರವಾಗಿ ಉತ್ತರ ಕೊಟ್ಟ ಸಂಸ್ಥೆಗೆ ಚೆಕ್ ಬರೆಯಿರಿ. ಬರೀ ಫೋಟೋ ಕಳಿಸಿದವರಿಗೆ ಮುಂದಿನ ವರ್ಷ ನೋಡೋಣ ಅನ್ನಿ.