ಡಿಸ್ಕ್ 100%: ಕರಾವಳಿಯ ಕಂಪ್ಯೂಟರಿನಲ್ಲಿ ನಾನು ಕಾರಣ ಹುಡುಕುವ ಬಗೆ

ಕಂಪ್ಯೂಟರ್ ತೀರಾ ನಿಧಾನ, ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100ರಿಂದ ಇಳಿಯುವುದೇ ಇಲ್ಲ. ಕಾರವಾರದಲ್ಲಿ ನನ್ನ ಮೇಜಿಗೆ ಬರುವ ಹಳೆಯ ಮಶಿನ್‌ಗಳ ಮುಖ್ಯ ದೂರು ಇದೇ. ಈ 100 ಅಂದರೆ ಡಿಸ್ಕ್ ತುಂಬಿದೆ ಎಂದಲ್ಲ. ಹಾಗೆ ತಿಳಿದು ಮನೆಯ ಫೋಟೊಗಳನ್ನೆಲ್ಲ ಅಳಿಸಿ ಬಂದವರನ್ನು ನೋಡಿದರೆ ಸಂಕಟವಾಗುತ್ತದೆ. ಡಿಸ್ಕ್ ಎಷ್ಟು ಹೊತ್ತು ಬಿಡುವಿಲ್ಲದೆ ಇತ್ತು ಎಂಬುದಷ್ಟೇ ಆ ಅಂಕಿ. ಬಿಡುವಿಲ್ಲದೆ ಏನು ಮಾಡುತ್ತಿತ್ತು ಎಂದು ತಿಳಿಯಲು ಇನ್ನೆರಡು ಅಂಕಿ ಬೇಕು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕ್ ಆರಿಸಿ, ಓದುವ ಬರೆಯುವ ವೇಗ ಮತ್ತು ಸರಾಸರಿ ರೆಸ್ಪಾನ್ಸ್ ಟೈಮ್ ನೋಡುತ್ತೇನೆ. ಹಾರ್ಡ್ ಡಿಸ್ಕಿನಲ್ಲಿ ವೇಗ ಸೆಕೆಂಡಿಗೆ 80-100 ಎಂಬಿ ಇದ್ದರೆ ಅದು ನಿಜವಾಗಿ ದುಡಿಯುತ್ತಿದೆ: ಕಾಪಿ, ಅಪ್‌ಡೇಟ್ ಅಥವಾ ವೈರಸ್ ಸ್ಕ್ಯಾನ್. ಮುಗಿಯುವವರೆಗೆ ಬಿಡಬೇಕು. ವೇಗ ಒಂದೆರಡು ಎಂಬಿ, ರೆಸ್ಪಾನ್ಸ್ ಕೆಲವು ನೂರು ಮಿಲಿಸೆಕೆಂಡ್ ಇದ್ದರೆ, ಚೂರುಚೂರು ಓದುವಿಕೆಯಲ್ಲಿ ಅದು ಸಿಕ್ಕಿಬಿದ್ದಿದೆ. ವೇಗ ಸೊನ್ನೆ, ರೆಸ್ಪಾನ್ಸ್ ಸಾವಿರಗಳಲ್ಲಿ, ಮೌಸ್ ಕೂಡ ನಿಂತು ನಿಂತು ಚಲಿಸುತ್ತದೆ ಎಂದಾದರೆ ಡಿಸ್ಕ್ ಸಾಯುತ್ತಿದೆ, ಇಲ್ಲವೇ ಕೇಬಲ್ ಕೆಟ್ಟಿದೆ. ಈ ಮೂರನೆಯ ಬಗೆಯಲ್ಲಿ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ನಿಲ್ಲಿಸುವುದು, ರಿಜಿಸ್ಟ್ರಿ (ವಿಂಡೋಸಿನ ಒಳ ಸೆಟ್ಟಿಂಗುಗಳ ಪಟ್ಟಿ) ತಿದ್ದುವುದು ಎಲ್ಲವೂ ವ್ಯರ್ಥ. ಹಾಗೆ ಕಳೆದ ಪ್ರತಿ ಗಂಟೆಯೂ ಫೈಲುಗಳಿಗೆ ಅಪಾಯ.

ಆದ್ದರಿಂದ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಪ್ರೋಗ್ರಾಂ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆಯುತ್ತೇನೆ. ಅದರಲ್ಲಿ ಕೊನೆಯ ಕಾಲಮ್ಮಿನ ಬೆಲೆಗಳು 16ರ ಎಣಿಕೆಯಾದ ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತವೆ, ಸೆಟ್ಟಿಂಗಿನಲ್ಲಿ ದಶಮಾನಕ್ಕೆ ಬದಲಿಸಿಕೊಂಡರೆ ಓದುವುದು ಸುಲಭ. ನೋಡಬೇಕಾದ ಸಾಲು ನಾಲ್ಕು. 05 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು (ಡಿಸ್ಕಿನಲ್ಲಿ ಡೇಟಾ ಕೂರುವ ಸಣ್ಣ ತುಣುಕುಗಳು). ಸಿ5 ಓದಲಾಗದೆ ಬಾಕಿ ಉಳಿದವು. ಸಿ6 ಸರಿಪಡಿಸಲಾಗದವು. ಸಿ7 ಡಿಸ್ಕ್ ಮತ್ತು ಮದರ್‌ಬೋರ್ಡಿನ ನಡುವೆ ದಾರಿಯಲ್ಲಿ ಕೆಟ್ಟ ಡೇಟಾದ ಎಣಿಕೆ.

ನಮ್ಮ ಕಡಲಂಚಿನಲ್ಲಿ ಸಿ7ಅನ್ನು ನಾನು ವಿಶೇಷವಾಗಿ ನೋಡುತ್ತೇನೆ. ಬೈತಖೋಲ್ ಬಂದರಿನ ಆಸುಪಾಸಿನಲ್ಲಿ ಕಿಟಕಿ ಪಕ್ಕ ಇಟ್ಟ ಕ್ಯಾಬಿನೆಟ್ಟಿನ ಸ್ಕ್ರೂಗಳು ತುಕ್ಕು ಹಿಡಿದಿದ್ದರೆ, ಒಳಗೆ ಡಿಸ್ಕನ್ನು ಜೋಡಿಸುವ ಸಾಟಾ ಕನೆಕ್ಟರಿಗೂ ಉಪ್ಪುಗಾಳಿ ತಟ್ಟಿದೆ ಎಂದೇ ತಿಳಿಯಬೇಕು. ಸಂಪರ್ಕ ಕೆಟ್ಟಾಗ ಅದೇ ಡೇಟಾ ಮತ್ತೆ ಮತ್ತೆ ಹೋಗಬೇಕಾಗುತ್ತದೆ, ವಿಂಡೋಸ್ ಕಾಯುತ್ತಾ ಕೂರುತ್ತದೆ. ವಿಂಡೋಸಿನ ದೋಷಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರಿನ ಸಿಸ್ಟಂ ಲಾಗಿನಲ್ಲಿ 129, 153 ಸಂಖ್ಯೆಗಳು ಸಾಲಾಗಿ ಕಾಣುವುದು ಇಂಥಲ್ಲೇ. 7 ಬಂದಿದ್ದರೆ ಮಾತ್ರ ಅದು ಡಿಸ್ಕಿನ ಮೇಲಿನ ಬ್ಯಾಡ್ ಬ್ಲಾಕ್. ಡೆಸ್ಕ್‌ಟಾಪಿನ ಡೇಟಾ ಕೇಬಲನ್ನು ಒರೆಸುತ್ತಾ ಕೂರುವುದಿಲ್ಲ, ಲಾಕ್ ಇರುವ ಹೊಸದನ್ನೇ ಹಾಕುತ್ತೇನೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಬಿಚ್ಚಿ, ಸಂಪರ್ಕಗಳನ್ನು 99% ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸುತ್ತೇನೆ. ರಬ್ಬರಿನಿಂದ ಉಜ್ಜಿದರೆ ಚಿನ್ನದ ತೆಳು ಲೇಪ ಸವೆಯುತ್ತದೆ, ಪುಡಿ ಸಂದಿಯಲ್ಲಿ ಉಳಿಯುತ್ತದೆ. ಸಿ7 ಎಂದೂ ಕಡಿಮೆಯಾಗುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಏರದೆ ನಿಂತರೆ ಕೆಲಸ ಆಯಿತು.

ಘಟ್ಟದ ಮೇಲೆ ಶಿರಸಿ ಕಡೆಯ ಮಶಿನ್‌ಗಳಲ್ಲಿ ನಾನು ಮೊದಲು ನೋಡುವುದು ಸಿ5. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗ ಬರೆಯುತ್ತಿದ್ದ ಸೆಕ್ಟರ್ ಅರ್ಧಕ್ಕೇ ನಿಂತರೆ ಅದೂ ಬಾಕಿ ಪಟ್ಟಿಗೆ ಸೇರುತ್ತದೆ. ಅದರ ಮೇಲೆ ಮತ್ತೆ ಬರೆದಾಗ ಸಿ5 ಇಳಿದು, 05 ಏರದಿದ್ದರೆ ಡಿಸ್ಕ್ ಗಟ್ಟಿಯಾಗಿದೆ, ಅಲ್ಲಿ ಬೇಕಿರುವುದು ಯುಪಿಎಸ್. 05 ಮತ್ತು ಸಿ5 ಎರಡೂ ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬಾರದು.

ಹೀಗೆ 05, ಸಿ5 ಏರುತ್ತಿರುವ ಡಿಸ್ಕಿನ ಮೇಲೆ ವಿಂಡೋಸಿನ ಡಿಸ್ಕ್ ತಪಾಸಣೆಯ ಪ್ರೋಗ್ರಾಂ ಚೆಕ್‌ಡಿಸ್ಕನ್ನು ಆರ್ ಆಯ್ಕೆಯೊಂದಿಗೆ ಓಡಿಸಬೇಡಿ. ಅದು ಇಡೀ ಡಿಸ್ಕನ್ನು ಓದಿಸಿ, ಮೇಲೆ ಬರೆದೂ ಬಿಡುತ್ತದೆ, ಉಸಿರು ಹಿಡಿದುಕೊಂಡಿದ್ದ ಡಿಸ್ಕ್ ಅಲ್ಲೇ ನಿಲ್ಲಬಹುದು. ನಾನು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಕೆಡುತ್ತಿರುವ ಡಿಸ್ಕನ್ನು ಬೇರೆ ಡಿಸ್ಕಿಗೆ ನಕಲಿಸುವ ಡಿಡಿರೆಸ್ಕ್ಯೂ ಬಳಸುತ್ತೇನೆ. ಮೊದಲ ಸುತ್ತಿನಲ್ಲಿ ಎನ್ ಆಯ್ಕೆ ಕೊಟ್ಟು ಸುಲಭವಾಗಿ ಸಿಗುವುದನ್ನೆಲ್ಲ ತೆಗೆದುಕೊಂಡು, ಕೆಟ್ಟ ಜಾಗಗಳಿಗೆ ಎರಡನೆಯ ಸುತ್ತಿನಲ್ಲಿ ಮೂರು ಬಾರಿ ಮಾತ್ರ ಪ್ರಯತ್ನಿಸುತ್ತೇನೆ. ಎಲ್ಲಿಯವರೆಗೆ ನಕಲಾಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಬೇರೊಂದು ಪೆನ್‌ಡ್ರೈವಿನಲ್ಲಿರಬೇಕು, ಆಗ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಎಂಟರ್ ಒತ್ತುವ ಮುನ್ನ ಎರಡು ಸಲ ಓದಿ. ತಿರುಗಾಮುರುಗ ಆದರೆ ಎಲ್ಲ ಹೋಯಿತು.

ಡಿಸ್ಕ್ ಆರೋಗ್ಯವಾಗಿದ್ದೂ ಮೊದಲು ಹೇಳಿದ ಎರಡನೆಯ ಬಗೆ, ಅಂದರೆ ಚೂರುಚೂರು ಓದುವಿಕೆ, ಕಂಡರೆ ಲೆಕ್ಕ ಬೇರೆ. 5400 ಆರ್‌ಪಿಎಂ ಡಿಸ್ಕ್ ಒಂದು ಸುತ್ತಿಗೆ 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸರಾಸರಿ ಅರ್ಧ ಸುತ್ತು, ಅದರ ಮೇಲೆ ಹೆಡ್ ಸರಿಯಲು ಸುಮಾರು 12. ಸೆಕೆಂಡಿಗೆ 60ರಷ್ಟು ಕೋರಿಕೆ, ಒಂದೊಂದಕ್ಕೆ 4 ಕೆಬಿ ಆದರೆ ಒಟ್ಟು 240 ಕೆಬಿ! ಸಾಲುಸಾಲಾಗಿ ಓದಿದರೆ 100 ಎಂಬಿ ಕೊಡುವ ಡಿಸ್ಕೇ ಇದು. 4 ಜಿಬಿ ರ್‍ಯಾಮಿನಲ್ಲಿ ಬ್ರೌಸರ್, ಟ್ಯಾಲಿ, ವಾಟ್ಸ್‌ಆಪ್ ಮೂರೂ ತೆರೆದಾಗ ಹಿಡಿಸದೆ ಉಳಿದದ್ದು ಡಿಸ್ಕಿನ ಮೇಲಿರುವ ಪೇಜ್ ಫೈಲಿಗೆ ಹೋಗಿ ಇದೇ ದಾರಿಯಲ್ಲಿ ತೆವಳುತ್ತದೆ. ರಿಸೋರ್ಸ್ ಮಾನಿಟರಿನ ಮೆಮೊರಿ ಟ್ಯಾಬಿನಲ್ಲಿ ಹಾರ್ಡ್ ಫಾಲ್ಟ್ (ಬೇಕಾದದ್ದು ಮೆಮೊರಿಯಲ್ಲಿ ಸಿಗದೆ ಡಿಸ್ಕಿಗೆ ಹೋದ ಎಣಿಕೆ) ಸೆಕೆಂಡಿಗೆ ಸದಾ ನೂರಾರು ಇದ್ದರೆ ರ್‍ಯಾಮ್ ಸಾಲದು. ಪೇಜ್ ಫೈಲ್ ತೆಗೆದುಹಾಕುವುದು ಪರಿಹಾರವಲ್ಲ, ಪ್ರೋಗ್ರಾಂಗಳೇ ಮುಚ್ಚಿಹೋಗುತ್ತವೆ. ರ್‍ಯಾಮ್ ಕೊಳ್ಳುವಾಗ 1.35 ವೋಲ್ಟಿನ ಡಿಡಿಆರ್3ಎಲ್ ಬೇಕೋ 1.5ರ ಡಿಡಿಆರ್3 ನಡೆಯುತ್ತದೋ ಎಂದು ಹಳೆಯ ಸ್ಟಿಕ್ ನೋಡಿಕೊಳ್ಳಿ.

ಸಿಸ್‌ಮೇನ್ (ಹೆಚ್ಚು ಬಳಸುವ ಪ್ರೋಗ್ರಾಂಗಳನ್ನು ಮೊದಲೇ ಮೆಮೊರಿಗೆ ತರುವುದು), ವಿಂಡೋಸ್ ಸರ್ಚ್ (ಹುಡುಕಾಟಕ್ಕೆ ಫೈಲುಗಳ ಪಟ್ಟಿ ಮಾಡುವುದು) ಸರ್ವಿಸ್‌ಗಳನ್ನು ಪರೀಕ್ಷೆಗಾಗಿ ಮಾತ್ರ ನಿಲ್ಲಿಸುತ್ತೇನೆ. ವ್ಯತ್ಯಾಸ ಕಾಣದಿದ್ದರೆ ಮತ್ತೆ ಹಚ್ಚಿಡುತ್ತೇನೆ. ವಾರಕ್ಕೊಮ್ಮೆ ಅರ್ಧ ಗಂಟೆ ತೆರೆಯುವ ಮಶಿನ್ ತೆರೆದಾಗಲೆಲ್ಲ ಬಾಕಿ ಅಪ್‌ಡೇಟಿಗೆ ಬೀಳುತ್ತದೆ, ಅದನ್ನು ಎರಡು ಗಂಟೆ ಸುಮ್ಮನೆ ಹಚ್ಚಿಟ್ಟರೆ ಎಷ್ಟೋ ಸಲ ಸಾಕು. ರಿಜಿಸ್ಟ್ರಿ ತಿದ್ದುವುದು ವ್ಯರ್ಥ ಎಂದದ್ದಕ್ಕೆ ಒಂದೇ ಅಪವಾದ ಇದೆ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಇದ್ದೂ 100%, ವೇಗ ಸೊನ್ನೆ, ಡ್ರೈವರ್ ಹೆಸರು ಸ್ಟೋರ್‌ಎಎಚ್‌ಸಿಐ ಎಂದಿದ್ದರೆ, ಕೆಲವು ಹಳೆಯ ಕಂಟ್ರೋಲರುಗಳ ಇಂಟರಪ್ಟ್ (ಕೆಲಸ ಮುಗಿಯಿತೆಂಬ ಸೂಚನೆ) ದೋಷ ಇರಬಹುದು. ಅಲ್ಲಿ ಮಾತ್ರ ರಿಜಿಸ್ಟ್ರಿಯ ಎಂಎಸ್‌ಐ ಸಪೋರ್ಟೆಡ್ ಬೆಲೆಯನ್ನು 1ರಿಂದ 0 ಮಾಡಿ ರೀಸ್ಟಾರ್ಟ್ ಕೊಡುತ್ತೇನೆ.

ಹಾರ್ಡ್ ಡಿಸ್ಕಿನ ಬದಲು 2.5 ಇಂಚಿನ ಎಸ್‌ಎಸ್‌ಡಿ ಹಾಕುವಾಗ ಕ್ಲೋನ್ (ಹಳೆಯ ಡಿಸ್ಕಿನ ಯಥಾಪ್ರತಿ) ಮುಗಿದೊಡನೆ ಹಳೆಯದನ್ನು ಬಿಚ್ಚಿಟ್ಟೇ ಮೊದಲ ಬೂಟ್ ಮಾಡಬೇಕು, ಎರಡಕ್ಕೂ ಒಂದೇ ಗುರುತು ಇರುತ್ತದೆ. 9.5 ಮಿಮೀ ಜಾಗದಲ್ಲಿ 7 ಮಿಮೀ ಡ್ರೈವ್ ಅಲುಗಾಡದಂತೆ ಸ್ಪೇಸರ್ ಬೇಕು. ಐದನೇ ಒಂದು ಭಾಗ ಖಾಲಿ ಬಿಡಿ, ಅಗ್ಗದ ಎಸ್‌ಎಸ್‌ಡಿ ತುಂಬಿದರೆ ಬರೆಯುವಾಗ ಅದೂ 100ಕ್ಕೆ ಏರುತ್ತದೆ. ಕೊನೆಗೆ ಕ್ಯಾಬಿನೆಟ್ಟಿನ ಒಳಮುಚ್ಚಳಕ್ಕೆ ಅಂದಿನ ತಾರೀಖು, ಸಿ5, ಸಿ7 ಬರೆದು ಚೀಟಿ ಅಂಟಿಸುತ್ತೇನೆ, ಮಳೆಗಾಲ ಕಳೆದ ಮೇಲೆ ಹೋಲಿಸಿ ನೋಡಲು.