ರ‍್ಯಾಬಿಟ್‌ಎಂಕ್ಯೂ ಕ್ಯೂನಿಂದ ಫ್ಯಾಬ್ರಿಕ್ ಲೆಡ್ಜರ್‌ಗೆ: ಆಕ್ ಯಾವಾಗ ಕೊಡಬೇಕು?

ಕ್ಯೂಗೆ (ಮೆಸೇಜ್‌ಗಳು ಸಾಲಾಗಿ ಕಾಯುವ ಜಾಗ) ಮೆಸೇಜ್ ಬರುತ್ತದೆ, ಅದನ್ನು ಬ್ಲಾಕ್‌ಚೈನ್‌ಗೆ ಬರೆಯಬೇಕು. ಕೇಳೋಕೆ ಇಷ್ಟೇ, ಅಲ್ವಾ? ಆದರೆ ಕ್ಯೂ ಒಂದೇ ಮೆಸೇಜನ್ನು ಎರಡು ಸಲ ಕೊಟ್ಟರೂ ಕೊಟ್ಟೀತು, ಲೆಡ್ಜರ್‌ನಲ್ಲಿ (ಬ್ಲಾಕ್‌ಚೈನ್‌ನ ಖಾತೆಪುಸ್ತಕ) ಒಮ್ಮೆ ಬಿದ್ದದ್ದನ್ನು ಅಳಿಸೋಕೆ ಆಗುವುದಿಲ್ಲ. ಹಾಗಾಗಿ ಕ್ಯೂನಿಂದ ತೆಗೆದು ಲೆಡ್ಜರ್‌ಗೆ ಬರೆಯುವ ಈ ಬ್ರಿಡ್ಜ್ ಪ್ರೋಗ್ರಾಮಿನಲ್ಲಿ ನಿಜಕ್ಕೂ ತಲೆ ಓಡಿಸಬೇಕಾದ ಜಾಗ ಒಂದೇ: ‘ಈ ಮೆಸೇಜ್ ಮುಗಿಯಿತು’ ಅಂತ ಕ್ಯೂಗೆ ಆಕ್ ಕೊಡುವುದು ಯಾವಾಗ?

ಇಲ್ಲಿ ರ‍್ಯಾಬಿಟ್‌ಎಂಕ್ಯೂ (ಕ್ಯೂ ನಡೆಸುವ ಸಾಫ್ಟ್‌ವೇರ್) ಮತ್ತು ಹೈಪರ್‌ಲೆಡ್ಜರ್ ಫ್ಯಾಬ್ರಿಕ್ (ಸಂಸ್ಥೆಗಳು ಸೇರಿ ನಡೆಸುವ ಬ್ಲಾಕ್‌ಚೈನ್) ಇಟ್ಟುಕೊಂಡು ಹೇಳುತ್ತೇನೆ. ಫ್ಯಾಬ್ರಿಕ್ 2.4 ಅಥವಾ ಅದಕ್ಕಿಂತ ಹೊಸದು ಇರಲಿ. ಆ ಆವೃತ್ತಿಯಿಂದ ಗೇಟ್‌ವೇ (ಟ್ರಾನ್ಸಾಕ್ಷನ್ ಕಳಿಸುವ ಬಾಗಿಲು) ಪಿಯರ್ (ಲೆಡ್ಜರ್‌ನ ಪ್ರತಿ ಇಟ್ಟುಕೊಳ್ಳುವ ಸರ್ವರ್) ಒಳಗೇ ಬಂದಿದೆ. ಅದಕ್ಕೂ ಮುಂಚೆ ಯಾವ ಪಿಯರ್‌ಗಳಿಂದ ಎಂಡಾರ್ಸ್‌ಮೆಂಟ್ (ಒಪ್ಪಿಗೆಯ ಸಹಿ) ತರಬೇಕು, ಆರ್ಡರರ್‌ಗೆ (ಟ್ರಾನ್ಸಾಕ್ಷನ್‌ಗಳನ್ನು ಸಾಲಾಗಿಸಿ ಬ್ಲಾಕ್ ಮಾಡುವ ಸರ್ವರ್) ಹೇಗೆ ಕಳಿಸಬೇಕು ಅನ್ನೋ ತಲೆನೋವೆಲ್ಲ ಕ್ಲೈಂಟ್ ಎಸ್‌ಡಿಕೆಯದ್ದೇ (ನಿಮ್ಮ ಪ್ರೋಗ್ರಾಮ್ ಬಳಸುವ ಲೈಬ್ರರಿ) ಆಗಿತ್ತು. ಈಗ ನಿಮ್ಮ ಸಂಸ್ಥೆಯ ಒಂದು ಪಿಯರ್ ಜೊತೆ ಮಾತಾಡಿದರೆ ಸಾಕು.

ಫ್ಯಾಬ್ರಿಕ್ ಸ್ಯಾಂಪಲ್ಸ್‌ನಲ್ಲಿರುವ ಟೆಸ್ಟ್ ನೆಟ್‌ವರ್ಕ್ ಶುರು ಮಾಡಿ, ಚಾನೆಲ್ (ಸಂಸ್ಥೆಗಳು ಹಂಚಿಕೊಳ್ಳುವ ಒಂದು ಲೆಡ್ಜರ್) ಸೃಷ್ಟಿಸಿ, ‘ಅಸೆಟ್ ಟ್ರಾನ್ಸ್‌ಫರ್ ಬೇಸಿಕ್’ ಚೈನ್‌ಕೋಡಿನ (ಲೆಡ್ಜರ್ ಓದಿ ಬರೆಯುವ ಪ್ರೋಗ್ರಾಮ್) ಗೋ ಭಾಷೆಯ ಆವೃತ್ತಿಯನ್ನು ಡಿಪ್ಲಾಯ್ ಮಾಡಿ. ಮೊದಲ ಸಂಸ್ಥೆಯ ಪಿಯರ್ 7051ನೇ ಪೋರ್ಟ್‌ನಲ್ಲಿ ಸಿಗುತ್ತದೆ. ಬ್ರಿಡ್ಜ್‌ಗೆ ಬೇಕಾದದ್ದು ಪಿಯರ್‌ನ ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ) ಸರ್ಟಿಫಿಕೇಟ್, ಯೂಸರ್ ಸರ್ಟಿಫಿಕೇಟ್, ಅದರ ಪ್ರೈವೇಟ್ ಕೀ, ಮತ್ತೆ ಎಂಎಸ್‌ಪಿ ಐಡಿ (ನೆಟ್‌ವರ್ಕ್‌ನಲ್ಲಿ ನಿಮ್ಮ ಸಂಸ್ಥೆಯ ಗುರುತು). ಸರ್ಟಿಫಿಕೇಟ್‌ನಲ್ಲಿ ಇಲ್ಲದ ವಿಳಾಸದಿಂದ ಪಿಯರ್‌ಗೆ ಹೋಗುತ್ತಿದ್ದರೆ ಹೋಸ್ಟ್ ಹೆಸರಿನ ಓವರ್‌ರೈಡ್ ಕೊಡಿ, ಇಲ್ಲದಿದ್ದರೆ ಟಿಎಲ್‌ಎಸ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಪಿಯರ್ ಜೊತೆಗಿನ ಜಿಆರ್‌ಪಿಸಿ ಕನೆಕ್ಷನ್ ಇಡೀ ಪ್ರೋಗ್ರಾಮಿಗೆ ಒಂದೇ ಇರಲಿ. ಮೆಸೇಜಿಗೊಂದು ತೆರೆಯುವುದು ಸುಮ್ನೆ ದಂಡ.

ರ‍್ಯಾಬಿಟ್‌ಎಂಕ್ಯೂ ಕಡೆ ಪೋರ್ಟ್ 5672. ಮೊದಲೇ ಇರುವ ಗೆಸ್ಟ್ ಯೂಸರ್ ಅದೇ ಮಷೀನ್‌ನಿಂದ ಮಾತ್ರ ಲಾಗಿನ್ ಆಗುತ್ತಾನೆ, ಹಾಗಾಗಿ ಬ್ರಿಡ್ಜ್‌ಗೆ ಬೇರೆ ಯೂಸರ್ ಮಾಡಿ. ಕ್ಯೂ ಕೋರಮ್ ಮಾದರಿಯದ್ದಾಗಿರಲಿ (ಹಲವು ಸರ್ವರ್‌ಗಳಲ್ಲಿ ಪ್ರತಿ ಇಡುವಂಥದ್ದು). ಆಟೋ ಆಕ್ (ಮೆಸೇಜ್ ಕೊಟ್ಟ ಕೂಡಲೇ ಮುಗಿಯಿತು ಅಂದುಕೊಳ್ಳುವುದು) ಬಂದ್. ಡೆಡ್ ಲೆಟರ್ ಎಕ್ಸ್‌ಚೇಂಜನ್ನು (ಕೈಬಿಟ್ಟ ಮೆಸೇಜ್‌ಗಳನ್ನು ಬೇರೆ ಕ್ಯೂಗೆ ಕಳಿಸುವ ವ್ಯವಸ್ಥೆ) ಕೋಡ್‌ನಲ್ಲಿ ಬರೆಯಬೇಡಿ, ಪಾಲಿಸಿಯಲ್ಲಿ (ಸರ್ವರ್ ಕಡೆಯ ಸೆಟ್ಟಿಂಗ್) ಕೊಡಿ. ಆಮೇಲೆ ಬದಲಿಸಬೇಕಾದರೆ ಕ್ಯೂ ಅಳಿಸಿ ಮತ್ತೆ ಮಾಡೋ ಗೋಳು ಇರುವುದಿಲ್ಲ.

ಈಗ ಮುಖ್ಯ ವಿಷಯ. ಫ್ಯಾಬ್ರಿಕ್‌ನಲ್ಲಿ ಒಂದು ಟ್ರಾನ್ಸಾಕ್ಷನ್ ಮೂರು ಹಂತ ದಾಟುತ್ತದೆ. ಪಿಯರ್‌ಗಳು ಎಂಡಾರ್ಸ್ ಮಾಡುತ್ತವೆ, ಆರ್ಡರರ್ ಬ್ಲಾಕ್‌ಗೆ ಸೇರಿಸುತ್ತದೆ, ಕೊನೆಗೆ ಪಿಯರ್‌ಗಳು ಪರಿಶೀಲಿಸಿ ಕಮಿಟ್ ಮಾಡುತ್ತವೆ. ಆರ್ಡರರ್ ತೆಗೆದುಕೊಂಡಿತು ಅಂದ ಮಾತ್ರಕ್ಕೆ ಕೆಲಸ ಆಯಿತು ಅಂತಲ್ಲ. ಪರಿಶೀಲನೆಯಲ್ಲಿ ಬಿದ್ದ ಟ್ರಾನ್ಸಾಕ್ಷನ್ ಕೂಡ ‘ಅಮಾನ್ಯ’ ಅನ್ನೋ ಗುರುತು ಹೊತ್ತು ಬ್ಲಾಕ್‌ನಲ್ಲೇ ಕೂತಿರುತ್ತದೆ, ಡೇಟಾ ಮಾತ್ರ ಬದಲಾಗಿರುವುದಿಲ್ಲ. ಹಾಗಾಗಿ ಕಮಿಟ್ ಸ್ಟೇಟಸ್ ‘ವ್ಯಾಲಿಡ್’ ಅಂತ ಬಂದ ಮೇಲಷ್ಟೇ ಆಕ್.

ಕಮಿಟ್ ಆಗಿದೆ, ಆಕ್ ಹೋಗುವ ಮುಂಚೆ ಬ್ರಿಡ್ಜ್ ಬಿದ್ದುಹೋಯಿತು ಅಂತಿಟ್ಟುಕೊಳ್ಳಿ. ಉದಾಹರಣೆಗೆ, ಗೋದಾಮಿಗೆ ಬಂದ ಸರಕು 101ರ ಮೆಸೇಜ್ ಮತ್ತೆ ಬರುತ್ತದೆ. ಸ್ಯಾಂಪಲ್ ಚೈನ್‌ಕೋಡಿನ ಕ್ರಿಯೇಟ್ ಅಸೆಟ್, ಆ ಐಡಿ ಮೊದಲೇ ಇದ್ದರೆ ಎರರ್ ಕೊಡುತ್ತದೆ. ಅದೇ ನಿಮ್ಮ ರಕ್ಷಣೆ. ಆದರೆ ಐಡಿ ಮೆಸೇಜ್ ಕಳಿಸಿದವರ ಕಡೆಯಿಂದಲೇ ಬಂದಿರಬೇಕು, ಬ್ರಿಡ್ಜ್ ಪ್ರತಿ ಸಲ ಹೊಸ ಐಡಿ ಹುಟ್ಟಿಸಿದರೆ ಸರಕು ಎರಡಾಗುತ್ತದೆ. ‘ಈಗಾಗಲೇ ಇದೆ’ ಅಂತ ಎರರ್ ಬಂದಾಗ ಲೆಡ್ಜರ್‌ನಲ್ಲಿರುವುದನ್ನು ಓದಿ ಹೋಲಿಸಿ. ಒಂದೇ ಆಗಿದ್ದರೆ ಆಕ್ ಕೊಡಿ, ಬೇರೆಯಾಗಿದ್ದರೆ ಡೆಡ್ ಲೆಟರ್‌ಗೆ ತಳ್ಳಿ, ಮನುಷ್ಯರು ನೋಡಲಿ. ಮೊತ್ತ ಕೂಡಿಸುವಂಥ ಕೆಲಸಗಳಿಗೆ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ. ಅಲ್ಲಿ ಮೆಸೇಜ್ ಐಡಿಯನ್ನೂ ಅದೇ ಟ್ರಾನ್ಸಾಕ್ಷನ್‌ನಲ್ಲಿ ಲೆಡ್ಜರ್‌ಗೆ ಬರೆದು, ಚೈನ್‌ಕೋಡ್ ಒಳಗೇ ನೋಡಿಕೊಳ್ಳಬೇಕು.

ಎರರ್‌ಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಬೇಡಿ. ಎಂವಿಸಿಸಿ ರೀಡ್ ಕಾನ್‌ಫ್ಲಿಕ್ಟ್ ಬಂದರೆ ಒಂದೇ ಕೀ (ಲೆಡ್ಜರ್‌ನ ಒಂದು ದಾಖಲೆ) ಮೇಲೆ ಇಬ್ಬರು ಕೈಹಾಕಿದ್ದಾರೆ ಅಂತ ಅರ್ಥ, ಎಂಡಾರ್ಸ್‌ಮೆಂಟ್‌ನಿಂದ ಹೊಸದಾಗಿ ಶುರು ಮಾಡಿ. ಕಮಿಟ್ ಸ್ಟೇಟಸ್ ಕಾದು ಟೈಮ್‌ಔಟ್ ಆದರೆ (ಸ್ಯಾಂಪಲ್‌ಗಳಲ್ಲಿ ಇದು 1 ನಿಮಿಷ) ಸೋತಿದೆ ಅಂದುಕೊಳ್ಳಬೇಡಿ, ಆಗಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ, ಅಷ್ಟೇ. ಅದೇ ಟ್ರಾನ್ಸಾಕ್ಷನ್‌ನ ಸ್ಟೇಟಸ್ಸನ್ನೇ ಮತ್ತೆ ಕೇಳಿ. ಪಿಯರ್ ಸಿಗುತ್ತಲೇ ಇಲ್ಲ ಅಂದಾಗ ನ್ಯಾಕ್ ಮಾಡಿ (‘ಆಗಲಿಲ್ಲ’ ಅಂತ ಹೇಳಿ) ವಾಪಸ್ ಕ್ಯೂಗೆ ಹಾಕಿದರೆ ಆ ಮೆಸೇಜ್ ತಕ್ಷಣ ಮತ್ತೆ ಬರುತ್ತದೆ, ಸಿಪಿಯು ಬಿಸಿಯಾಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ರ‍್ಯಾಬಿಟ್‌ಎಂಕ್ಯೂ 4.0ರಿಂದ ಕೋರಮ್ ಕ್ಯೂಗಳಿಗೆ ಡೆಲಿವರಿ ಮಿತಿ (ಒಂದು ಮೆಸೇಜನ್ನು ಎಷ್ಟು ಸಲ ಮತ್ತೆ ಕೊಡಬಹುದು ಅನ್ನೋದು) ಡಿಫಾಲ್ಟ್ ಆಗಿ 20 ಅಂತ ಇದೆ. ಪಿಯರ್ ಎದ್ದು ಬರುವಷ್ಟರಲ್ಲಿ ಒಳ್ಳೆಯ ಮೆಸೇಜ್‌ಗಳೂ ಡೆಡ್ ಲೆಟರ್‌ಗೆ ಹೋಗಿರಬಹುದು. ಹಾಗಂತ ಆಕ್ ಕೊಡದೆ ಹಿಡಿದುಕೊಂಡು ಕೂತರೆ 30 ನಿಮಿಷದ ಡಿಫಾಲ್ಟ್ ಮಿತಿ ದಾಟಿದ ಮೇಲೆ ರ‍್ಯಾಬಿಟ್‌ಎಂಕ್ಯೂ ತನ್ನ ಚಾನೆಲ್ಲನ್ನೇ (ಬ್ರಿಡ್ಜ್ ಜೊತೆಗಿನ ಸಂಪರ್ಕ, ಫ್ಯಾಬ್ರಿಕ್ ಚಾನೆಲ್ ಅಲ್ಲ) ಮುಚ್ಚುತ್ತದೆ. ಪಿಯರ್ ಬಿದ್ದಾಗ ಕನ್ಸ್ಯೂಮರ್ (ಕ್ಯೂನಿಂದ ಮೆಸೇಜ್ ತೆಗೆದುಕೊಳ್ಳುವ ಭಾಗ) ನಿಲ್ಲಿಸಿ, ಪಿಯರ್ ಎದ್ದ ಮೇಲೆ ಶುರು ಮಾಡುವುದೇ ಸರಿ.

ಇನ್ನು ವೇಗ. ಟೆಸ್ಟ್ ನೆಟ್‌ವರ್ಕ್‌ನಲ್ಲಿ ಆರ್ಡರರ್ ಬ್ಲಾಕ್ ಕತ್ತರಿಸುವುದು 10 ಟ್ರಾನ್ಸಾಕ್ಷನ್ ಸೇರಿದಾಗ, ಇಲ್ಲವೇ 2 ಸೆಕೆಂಡ್ ಆದಾಗ. ಪ್ರಿಫೆಚ್ (ಆಕ್ ಸಿಗುವ ಮುಂಚೆ ಕ್ಯೂ ಎಷ್ಟು ಮೆಸೇಜ್ ಕೊಡಬಹುದು ಅನ್ನೋ ಮಿತಿ) 1 ಇಟ್ಟು ಕಮಿಟ್‌ವರೆಗೆ ಕಾದರೆ ಒಂದೊಂದು ಮೆಸೇಜಿಗೂ 2 ಸೆಕೆಂಡ್, ಅಂದರೆ ನಿಮಿಷಕ್ಕೆ ಮೂವತ್ತು ಕೂಡ ಕಷ್ಟ. ಜನ ಆಗ ಬ್ಲಾಕ್‌ಚೈನೇ ನಿಧಾನ ಅಂತ ಬೈಯುತ್ತಾರೆ. ಪ್ರಿಫೆಚ್ 10 ಅಥವಾ 20 ಮಾಡಿ, ಮೆಸೇಜ್‌ಗಳನ್ನು ಒಟ್ಟೊಟ್ಟಿಗೆ ಕಳಿಸಿ, ಬ್ಲಾಕ್ ಬೇಗ ತುಂಬುತ್ತದೆ. ಒಂದೇ ಸರಕಿನ ಮೆಸೇಜ್‌ಗಳು ಅಡ್ಡಾದಿಡ್ಡಿ ಹೋಗಬಾರದು ಅಂದರೆ ಕನ್ಸಿಸ್ಟೆಂಟ್ ಹ್ಯಾಶ್ ಎಕ್ಸ್‌ಚೇಂಜ್ ಪ್ಲಗಿನ್ ಹಾಕಿ, ಸರಕಿನ ಐಡಿ ಮೇಲೆ ಹಲವು ಕ್ಯೂಗಳಿಗೆ ಹಂಚಿ (ಒಂದು ಐಡಿಯದ್ದೆಲ್ಲ ಒಂದೇ ಕ್ಯೂಗೆ), ಪ್ರತಿ ಕ್ಯೂನಲ್ಲಿ ಸಾಲಾಗಿ ಒಂದೊಂದೇ ತೆಗೆದುಕೊಳ್ಳಿ.

ಲೆಡ್ಜರ್‌ನಿಂದ ಕ್ಯೂಗೆ ಬರುವ ದಾರಿಗೂ ಇದೇ ಲೆಕ್ಕ, ತಿರುಗಿಸಿ ಹಾಕಿ. ಚೈನ್‌ಕೋಡ್ ಇವೆಂಟ್ (ಟ್ರಾನ್ಸಾಕ್ಷನ್ ಕಮಿಟ್ ಆದಾಗ ಬರುವ ಸುದ್ದಿ) ಬಂತು, ರ‍್ಯಾಬಿಟ್‌ಎಂಕ್ಯೂಗೆ ಪಬ್ಲಿಶ್ ಮಾಡಿದಿರಿ, ಪಬ್ಲಿಷರ್ ಕನ್‌ಫರ್ಮ್ (‘ಮೆಸೇಜ್ ತಲುಪಿತು’ ಅನ್ನೋ ಉತ್ತರ) ಸಿಕ್ಕಿತು, ಆಮೇಲೆ ಚೆಕ್‌ಪಾಯಿಂಟ್ (ಎಲ್ಲಿವರೆಗೆ ಓದಿದ್ದೇವೆ ಅನ್ನೋ ಗುರುತು). ಡಾಕರ್‌ನಲ್ಲಿ ಓಡಿಸುವುದಾದರೆ ಚೆಕ್‌ಪಾಯಿಂಟ್ ಫೈಲ್ ವಾಲ್ಯೂಮ್‌ನಲ್ಲಿರಲಿ, ಇಲ್ಲದಿದ್ದರೆ ಕಂಟೇನರ್ ಹೋದಾಗ ಅದೂ ಹೋಗುತ್ತದೆ. ಒಂದು ಟ್ರಾನ್ಸಾಕ್ಷನ್‌ಗೆ ಒಂದೇ ಇವೆಂಟ್ ಅನ್ನೋದೂ ನೆನಪಿರಲಿ. ಎರಡು ಸಲ ಸೆಟ್ ಮಾಡಿದರೆ ಕೊನೆಯದ್ದೇ ಉಳಿಯುತ್ತದೆ.

ಟೆಸ್ಟ್ ಮಾಡುವಾಗ ಕ್ಯೂಗೆ ಬೇರೆ ಬೇರೆ ಐಡಿಯ 1000 ಮೆಸೇಜ್ ಹಾಕಿ, ಅರ್ಧದಲ್ಲಿ ಬ್ರಿಡ್ಜನ್ನು ಕಿಲ್ ಮೈನಸ್ ಒಂಬತ್ತು (ಪ್ರೋಗ್ರಾಮನ್ನು ತಕ್ಷಣ ಕೊಲ್ಲುವ ಆದೇಶ) ಕೊಟ್ಟು ಬೀಳಿಸಿ, ಮತ್ತೆ ಎಬ್ಬಿಸಿ, ಇನ್ನೊಂದು ಸಲ ಪಿಯರ್ ಕಂಟೇನರ್ ನಿಲ್ಲಿಸಿ ಶುರು ಮಾಡಿ. ಕ್ಯೂ ಖಾಲಿಯಾದ ಮೇಲೆ ಗೆಟ್ ಆಲ್ ಅಸೆಟ್ಸ್ ಕರೆದು ಎಣಿಸಿ. 1000 ಬರಬೇಕು, ಮೊದಲು ಇನಿಟ್ ಲೆಡ್ಜರ್ (ಮಾದರಿ ಅಸೆಟ್‌ಗಳನ್ನು ತುಂಬುವ ಫಂಕ್ಷನ್) ಓಡಿಸಿದ್ದರೆ ಅದರ ಆರು ಸೇರಿ 1006. ಡೆಡ್ ಲೆಟರ್ ಕ್ಯೂನಲ್ಲಿ ಒಂದೂ ಇರಬಾರದು.