ಡಯಾಪರ್ ಕಟ್ಟಿದ ಜಾಗ ಕೆಂಪಾದರೆ ಮಾಡಬೇಕಾದ್ದು, ಮಾಡಬಾರದ್ದು

ಎರಡು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ಒಮ್ಮೆಯಾದರೂ ಕಾಣಿಸಿಕೊಳ್ಳುವ ತೊಂದರೆಯೆಂದರೆ, ಡಯಾಪರ್ ಕಟ್ಟಿದ ಜಾಗದ ಚರ್ಮ ಕೆಂಪಾಗಿ, ಹಸಿಯಾಗಿ, ಬಟ್ಟೆ ತಾಗಿದರೂ ಮಗು ಚೀರುವಂತಾಗುವುದು. ಅಂಗಡಿಯ ಡಯಾಪರ್ ಬಳಸದೆ ಹಳೆಯ ಪಂಚೆ, ಸೀರೆಯ ತುಂಡುಗಳನ್ನೇ ಲಂಗೋಟಿಯಾಗಿ ಕಟ್ಟುವ ಮನೆಗಳ ಮಕ್ಕಳಿಗೂ ಇದು ಬರುತ್ತದೆ. ಸಾಮಾನ್ಯ ಸ್ವರೂಪದ್ದಾದರೆ ಮನೆಯಲ್ಲೇ ಮೂರು ನಾಲ್ಕು ದಿನಗಳಲ್ಲಿ ತಹಬಂದಿಗೆ ಬರುತ್ತದೆ. ಹಾಗೆ ಬಾರದೆ ವಾರಗಟ್ಟಲೆ ಎಳೆದಾಡುವ ಮಕ್ಕಳಲ್ಲಿ, ಒಬ್ಬೊಬ್ಬರ ಸಲಹೆಯಂತೆ ಒಂದರ ಮೇಲೊಂದು ಹಚ್ಚಿದ ಪೌಡರ್, ಎಣ್ಣೆ, ಅರಿಶಿನ ಮತ್ತು ಮೆಡಿಕಲ್ ಶಾಪಿನಿಂದ ತಂದ ಯಾವುದೋ ಟ್ಯೂಬು, ಇವುಗಳ ಪಾಲೂ ಸಾಕಷ್ಟಿರುತ್ತದೆ. ಆದ್ದರಿಂದ ಹಚ್ಚುವ ಮದ್ದಿನ ವಿಚಾರಕ್ಕೆ ಮುಂಚೆ ಆ ಚರ್ಮಕ್ಕೆ ಏನಾಗಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಒದ್ದೆಯಲ್ಲಿ ಬಹಳ ಹೊತ್ತು ನೆನೆದ ಚರ್ಮ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಬಟ್ಟೆಯ ಉಜ್ಜಾಟವನ್ನು ತಾಳುವುದಿಲ್ಲ. ಮೂತ್ರ ಮತ್ತು ಮಲ ಬೆರೆತಾಗ ಅಮೋನಿಯ ಹುಟ್ಟಿ, ಚರ್ಮದ ಸಹಜವಾದ ಹುಳಿತನ ಕಡಿಮೆಯಾಗುತ್ತದೆ, ಆಗ ಮಲದಲ್ಲಿರುವ ಜೀರ್ಣಕಾರಿ ಕಿಣ್ವಗಳು ಚುರುಕಾಗಿ ಚರ್ಮದ ಮೇಲ್ಪದರವನ್ನೇ ಕೊರೆಯತೊಡಗುತ್ತವೆ. ಭೇದಿಯಾದ ಮಗುವಿನ ತಳಭಾಗ ಒಂದೇ ದಿನದಲ್ಲಿ ಕೆಂಡದಂತಾಗುವುದಕ್ಕೆ ಇದೇ ಕಾರಣ. ಆರು ತಿಂಗಳ ನಂತರ ರಾಗಿ ಸರಿ, ಹಣ್ಣು, ಬೇಳೆಕಟ್ಟುಗಳನ್ನು ಶುರು ಮಾಡಿದಾಗ ಮಲದ ಗುಣವೇ ಬದಲಾಗುವುದರಿಂದ, ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಈ ತೊಂದರೆ ಹೆಚ್ಚಾಗಿ ಕಾಣುತ್ತದೆ. ಯಾವುದೋ ಸೋಂಕಿಗೆ ಆ್ಯಂಟಿಬಯಾಟಿಕ್ ಕೊಟ್ಟ ವಾರದಲ್ಲಿಯೂ ಕಾಣಬಹುದು.

ಮೊದಲು ಮಗುವನ್ನು ಬೆಳಕಿನಲ್ಲಿ ಮಲಗಿಸಿ, ಕಾಲುಗಳನ್ನು ಮೆಲ್ಲನೆ ಅಗಲಿಸಿ, ತೊಡೆಸಂದಿನ ಮಡಿಕೆಗಳನ್ನು ಬಿಡಿಸಿ ನೋಡಬೇಕು. ಬರೀ ಒದ್ದೆ ಮತ್ತು ಉಜ್ಜಾಟದಿಂದ ಬಂದ ಉರಿಯಾಗಿದ್ದರೆ ಬಟ್ಟೆ ತಾಗುವ ಉಬ್ಬು ಭಾಗಗಳು, ಅಂದರೆ ಕುಂಡಿ, ತೊಡೆಯ ಒಳಮೈ, ಕೆಳಹೊಟ್ಟೆ ಇವುಗಳು ಕೆಂಪಾಗಿರುತ್ತವೆ, ಮಡಿಕೆಯ ಆಳದ ಗೆರೆ ಮಾತ್ರ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ತಿರುಗುಮುರುಗಾಗಿ ಮಡಿಕೆಯೊಳಗೇ ಗಾಢವಾದ ಕೆಂಪು ಇದ್ದು, ಅದರ ಅಂಚಿನಾಚೆಗೆ ಬಿಡಿಬಿಡಿಯಾಗಿ ಚಿಕ್ಕ ಕೆಂಪು ಗುಳ್ಳೆಗಳು ಚದುರಿದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕೆಂದು ಅನುಮಾನಿಸಬೇಕು. ಬಾಯೊಳಗೆ, ನಾಲಿಗೆ ಮತ್ತು ಕೆನ್ನೆಯ ಒಳಭಾಗದಲ್ಲಿ, ಒರೆಸಿದರೂ ಹೋಗದ ಬಿಳಿ ಪದರವಿದ್ದರೆ ಈ ಅನುಮಾನ ಇನ್ನಷ್ಟು ಬಲವಾಗುತ್ತದೆ. ಇನ್ನೊಂದು ಮಾತು: ನಮ್ಮ ಬಣ್ಣದ ಮಕ್ಕಳಲ್ಲಿ ಉರಿಯೂತ ಯಾವಾಗಲೂ ಪುಸ್ತಕದ ಚಿತ್ರದಂತೆ ಕೆಂಪಗೇ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಂದು ಅಥವಾ ನೇರಳೆ ಛಾಯೆ, ಒಂದು ಬಗೆಯ ಹೊಳಪು, ಬೆರಳ ಹಿಂಬದಿಯಿಂದ ಮುಟ್ಟಿದಾಗ ಬಿಸಿ, ಇವೂ ಅದರ ಗುರುತುಗಳೇ. ಸೊಂಟದ ಉಡಿದಾರವನ್ನೂ ಸರಿಸಿ ನೋಡಿ. ಒದ್ದೆಯಾಗಿ ಒಣಗಿ ಬಿರುಸಾದ ದಾರ ಡಯಾಪರಿನ ಇಲಾಸ್ಟಿಕ್ಕಿನ ಕೆಳಗೆ ಸಿಕ್ಕಿಕೊಂಡು ಸೊಂಟದ ಸುತ್ತ ಗೆರೆ ಕೊರೆದಿರುವುದುಂಟು. ರಾಶ್ ವಾಸಿಯಾಗುವ ತನಕ ಅದನ್ನು ಬಿಚ್ಚಿಟ್ಟರೆ ಯಾವ ಶಾಸ್ತ್ರಕ್ಕೂ ಲೋಪವಿಲ್ಲ.

ಆರೈಕೆಯ ಮೊದಲ ಭಾಗ ಶುಚಿ ಮಾಡುವುದು, ಎಲ್ಲರೂ ಅವಸರ ಮಾಡುವುದೂ ಇಲ್ಲಿಯೇ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿ ಅಥವಾ ಮೆತ್ತನೆಯ ಹಳೆಯ ಬಟ್ಟೆಯನ್ನು ಮಲವಿರುವ ಜಾಗದ ಮೇಲೆ ಅರೆಕ್ಷಣ ಇಟ್ಟು, ಅದು ನೆಂದು ಸಡಿಲವಾದ ಮೇಲೆ ಎತ್ತಿಕೊಳ್ಳಬೇಕೇ ಹೊರತು ಉಜ್ಜಿ ಒರೆಸಬಾರದು. ಹೆಣ್ಣುಮಗುವಾದರೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಗಂಡುಮಗುವಾದರೆ ಶಿಶ್ನದ ಮುಂದೊಗಲನ್ನು ಹಿಂದಕ್ಕೆಳೆದು ತೊಳೆಯುವ ಅಗತ್ಯವಿಲ್ಲ, ಎಳೆದರೆ ಗಾಯವಾಗುತ್ತದೆ. ಸುವಾಸನೆಯ ಮತ್ತು ಆಲ್ಕೋಹಾಲ್ ಇರುವ ವೈಪ್‌ಗಳು ಹಸಿ ಚರ್ಮಕ್ಕೆ ಚುರುಗುಟ್ಟುತ್ತವೆ, ಆದ್ದರಿಂದ ಅವನ್ನು ಪ್ರಯಾಣಕ್ಕೂ ಬೇಡವೆಂದು ಬದಿಗಿಡಿ. ಸೋಪು, ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ ಇವುಗಳೂ ಈ ಜಾಗಕ್ಕೆ ಬೇಡ. ಬಾಣಂತನದ ಮನೆಯಲ್ಲಿ ನೀರು ಹಾಕುವ ಹಿರಿಯರಿಗೆ ಇದನ್ನು ಹೇಳುವುದು ಸ್ವಲ್ಪ ಇರುಸುಮುರುಸಿನ ಕೆಲಸವೇ ಸರಿ. ಆದರೆ ‘ಸೊಂಟದ ಕೆಳಗೆ ಬರೀ ಬೆಚ್ಚಗಿನ ನೀರು ಹಾಕಿ ಅಮ್ಮಾ, ಡಾಕ್ಟ್ರು ಹೇಳಿದಾರೆ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಹಂಡೆಯ ನೀರು ತಾಯಿಗೆ ಹಿತವಾಗುವಷ್ಟು ಬಿಸಿಯಿದ್ದರೆ ಕೂಸಿನ ಬೆಂದ ಚರ್ಮಕ್ಕೆ ಅದು ಅತಿಯೆಂದೇ ತಿಳಿಯಬೇಕು.

ತೊಳೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ಮಡಿಕೆಗಳನ್ನೂ ಒಣಗಿಸಿ, ನಂತರ ಮಗುವನ್ನು ಏನನ್ನೂ ಕಟ್ಟದೆ ಬಿಡಿ. ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ಪರಿಣಾಮಕಾರಿಯಾದುದು ಇನ್ನೊಂದಿಲ್ಲ. ನೆಲಕ್ಕೆ ರಬ್ಬರ್ ಶೀಟ್ ಹಾಸಿ ಅದರ ಮೇಲೆ ಎರಡು ಮೂರು ಮಡಿಕೆಯ ಹತ್ತಿ ಸೀರೆ ಹಾಸಿದರೆ ಒದ್ದೆಯಾದ ಪದರವನ್ನಷ್ಟೇ ತೆಗೆದುಹಾಕಬಹುದು. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಹತ್ತು ಹದಿನೈದು ನಿಮಿಷವಾದರೂ ಗಾಳಿಯಾಡಬೇಕು. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಹಾಗೆಯೇ ಮಲಗಿಸಿದರೆ ಇನ್ನೂ ಉತ್ತಮ. ಹೇರ್ ಡ್ರೈಯರಿನ ಬಿಸಿಗಾಳಿಯಿಂದ ಸುಟ್ಟಗಾಯವಾಗಬಹುದಾದ್ದರಿಂದ ಅದನ್ನು ಬಳಸಬಾರದು. ಕಟ್ಟುವಾಗ ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ, ಮಲ ಹೋದರೆ ಕೂಡಲೇ ಬದಲಿಸಬೇಕು. ಹನ್ನೆರಡು ಗಂಟೆ ಒಣಗಿರುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುವುದು ಮೂತ್ರವನ್ನು ಹೀರುವ ಮಾತಾಯಿತು, ಮಲಕ್ಕೆ ಅದು ಅನ್ವಯಿಸುವುದಿಲ್ಲ. ರಾಶ್ ಇರುವಷ್ಟು ದಿನ ಒಂದು ಅಳತೆ ದೊಡ್ಡ ಡಯಾಪರ್ ತಂದು ಸಡಿಲವಾಗಿ ಕಟ್ಟಿದರೆ ಒಳಗೆ ಗಾಳಿ ಸುಳಿಯುತ್ತದೆ.

ಬಟ್ಟೆಯ ಲಂಗೋಟಿಯಾದರೆ ಒಗೆಯುವ ರೀತಿಯೇ ಮುಖ್ಯ. ಸೋಪಿನ ಪುಡಿಯ ಅಂಶ ಬಟ್ಟೆಯಲ್ಲಿ ಉಳಿದರೆ ಮೂತ್ರ ತಾಗಿದ ಕೂಡಲೇ ಅದು ಕರಗಿ ಚರ್ಮಕ್ಕೆ ಇಳಿಯುತ್ತದೆ. ನೊರೆ ಪೂರ್ತಿ ಹೋಗುವ ತನಕ ಮೂರು ನೀರಿನಲ್ಲಾದರೂ ಜಾಲಿಸಬೇಕು. ಕೊನೆಯ ನೀರಿಗೆ ಡೆಟಾಲಿನಂಥ ದ್ರಾವಣವನ್ನೋ ಘಮಘಮಿಸುವ ಫ್ಯಾಬ್ರಿಕ್ ಕಂಡೀಷನರನ್ನೋ ಸೇರಿಸುವ ಅಭ್ಯಾಸವನ್ನು ಬಿಡಬೇಕು. ಕುದಿನೀರು ಮತ್ತು ಬಿಸಿಲು ಸಾಕು. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಮಾತೇ ಇಲ್ಲದಿರುವಾಗ ಒಲೆಯ ಶಾಖದಲ್ಲಿ ಅರೆ ಒಣಗಿಸಿದ ಬಟ್ಟೆಯನ್ನು ಎರಡೂ ಕಡೆ ಇಸ್ತ್ರಿ ಮಾಡಿಯೇ ಕಟ್ಟಬೇಕು, ಏಕೆಂದರೆ ಕೈಗೆ ತಣ್ಣಗೆ ತಗಲುವ ಬಟ್ಟೆಯಲ್ಲಿ ಇನ್ನೂ ತೇವವಿರುತ್ತದೆ. ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಬಟ್ಟೆ ಕಟ್ಟಿದ ಪ್ರಯೋಜನವೆಲ್ಲ ಹೊರಟುಹೋಗುತ್ತದೆ.

ಇನ್ನು ಹಚ್ಚುವ ವಿಚಾರ. ಬೇಕಾಗಿರುವುದು ಚರ್ಮಕ್ಕೂ ಒದ್ದೆಗೂ ನಡುವೆ ಒಂದು ತಡೆ. ಜಿಂಕ್ ಆಕ್ಸೈಡ್ ಇರುವ ಕ್ರೀಮ್ ಅಥವಾ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಈ ಕೆಲಸ ಮಾಡುತ್ತದೆ. ವೀಳ್ಯದೆಲೆಗೆ ಸುಣ್ಣ ಸವರಿದ ಹಾಗೆ ತೆಳ್ಳಗೆ ಹಚ್ಚಿದರೆ ಉಪಯೋಗವಿಲ್ಲ, ಕೆಳಗಿನ ಚರ್ಮ ಕಾಣದಷ್ಟು ದಪ್ಪಗೆ, ಪ್ರತಿ ಸಲ ಬದಲಿಸಿದಾಗಲೂ ಹಚ್ಚಬೇಕು. ಹಚ್ಚಿದ್ದನ್ನು ಮುಂದಿನ ಸಲ ಪೂರ್ತಿ ಕೆರೆದು ತೆಗೆಯುವವರಿದ್ದಾರೆ. ಅದರಿಂದ ಹೊಸದಾಗಿ ಕೂಡಿಕೊಳ್ಳುತ್ತಿರುವ ಚರ್ಮವೂ ಕಿತ್ತುಬರುತ್ತದೆ. ಮಲ ಅಂಟಿದ ಮೇಲ್ಪದರವನ್ನಷ್ಟೇ ಮೆಲ್ಲನೆ ತೆಗೆದು, ಶುಚಿಯಾಗಿ ಉಳಿದಿರುವುದರ ಮೇಲೆಯೇ ಮತ್ತೆ ಹಚ್ಚಿದರೆ ಸಾಕು. ಪೂರ್ತಿ ತೆಗೆಯಲೇಬೇಕಾದ ಸಂದರ್ಭದಲ್ಲಿ ಹತ್ತಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಾಕಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಚರ್ಮ ಒಡೆಯದೆ ಬರೀ ಕೆಂಪಾಗಿರುವ ಹಂತದಲ್ಲಿ ಶುದ್ಧವಾದ ಕೊಬ್ಬರಿ ಎಣ್ಣೆಯನ್ನೇ ಹಚ್ಚುವುದಕ್ಕೆ ಅಡ್ಡಿಯಿಲ್ಲ. ಅರಿಶಿನ, ಬೇವಿನ ಸೊಪ್ಪಿನ ಅರೆತ, ಒಲೆಬೂದಿ, ಇವು ಬೇಡ. ಕ್ರಿಮಿಗಳು ಒಡೆದ ಚರ್ಮದೊಳಕ್ಕೆ ಸೇರುವ ಅಪಾಯ ಒಂದು ಕಡೆಯಾದರೆ, ಅರಿಶಿನದ ಬಣ್ಣ ಹತ್ತಿದ ಮೇಲೆ ಸೋಂಕು ಹೆಚ್ಚಿತೋ ಕಡಿಮೆಯಾಯಿತೋ ವೈದ್ಯರಿಗೂ ತಿಳಿಯುವುದಿಲ್ಲ.

ಪೌಡರನ್ನು ಮನೆಯಿಂದಲೇ ದೂರವಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಡಬ್ಬಿ ಕೊಡವಿದಾಗ ಏಳುವ ಧೂಳು ಮಗುವಿನ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗುತ್ತದೆ, ಮಡಿಕೆಯಲ್ಲಿ ಬೆವರಿನೊಡನೆ ಬೆರೆತು ಗಂಟುಕಟ್ಟಿ ಮತ್ತಷ್ಟು ತರಚುತ್ತದೆ. ಬೋರಿಕ್ ಆಮ್ಲವಿರುವ ಪುಡಿಯಂತೂ ಒಡೆದ ಚರ್ಮದ ಮೂಲಕ ರಕ್ತಕ್ಕೆ ಸೇರಿ ಎಳೆಯ ಮಕ್ಕಳಿಗೆ ವಿಷವಾಗಬಲ್ಲದು.

ಅದಕ್ಕಿಂತಲೂ ಹೆಚ್ಚಿನ ಎಚ್ಚರ ಬೇಕಾಗಿರುವುದು ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದು ಕೇಳಿದ ಕೂಡಲೇ ಮೆಡಿಕಲ್ ಶಾಪಿನಲ್ಲಿ ಕೈಗೆ ಬರುವ ಮಿಶ್ರಣದ ಕ್ರೀಮಿನ ಬಗ್ಗೆ. ಅದರಲ್ಲಿ ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಇವುಗಳ ಜೊತೆಗೆ ಬೀಟಾಮೆಥಸೋನ್ ಅಥವಾ ಕ್ಲೋಬೆಟಸಾಲ್‌ನಂಥ ಪ್ರಬಲ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ಕೆಂಪು ಮಾಯವಾಗುವುದರಿಂದ ಮದ್ದು ಹಿಡಿಯಿತೆಂದು ಮನೆಯವರಿಗೆ ಅನಿಸುತ್ತದೆ. ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚಾಗಿ ಮರುಕಳಿಸುತ್ತದೆ, ಮತ್ತೆ ಅದೇ ಟ್ಯೂಬು ಬರುತ್ತದೆ. ಡಯಾಪರ್ ಮುಚ್ಚಿದ ಜಾಗದಲ್ಲಿ ಸ್ಟೀರಾಯ್ಡ್ ಹಲವು ಪಟ್ಟು ಹೆಚ್ಚಾಗಿ ದೇಹಕ್ಕೆ ಇಳಿಯುವುದರಿಂದ ಚರ್ಮ ತೆಳುವಾಗುವುದು, ಗೆರೆ ಬೀಳುವುದು ಮಾತ್ರವಲ್ಲದೆ ಮಗುವಿನ ಬೆಳವಣಿಗೆಗೆ ಬೇಕಾದ ಹಾರ್ಮೋನುಗಳಲ್ಲಿಯೂ ಏರುಪೇರಾಗಬಹುದು. ಪ್ರಬಲ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಆದರೂ ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಕೆಲಸ ನಮ್ಮದೇ: ‘ಸೋನ್’, ‘ಸಾಲ್’ ಎಂದು ಕೊನೆಗೊಳ್ಳುವ ಹೆಸರು ಕಂಡರೆ ವೈದ್ಯರನ್ನು ಕೇಳದೆ ಹಚ್ಚಬೇಡಿ. ಸೌಮ್ಯವಾದ ಹೈಡ್ರೊಕಾರ್ಟಿಸೋನ್ ಶೇ. 1ರ ಕ್ರೀಮನ್ನು ವೈದ್ಯರು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುವುದುಂಟು. ಅವರು ಹೇಳಿದ ದಿನಕ್ಕೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಸಲಕ್ಕೆಂದು ಕಪಾಟಿನಲ್ಲಿ ಎತ್ತಿಡಬೇಡಿ. ಕ್ಯಾಂಡಿಡಾ ಎಂದು ಖಚಿತವಾದರೆ ಬರೀ ಕ್ಲೋಟ್ರಿಮಜೋಲ್ ಇರುವ ಕ್ರೀಮನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ತೆಳುವಾಗಿ ಹಚ್ಚಿ, ಅದು ಹೀರಿಕೊಂಡ ಮೇಲೆ ಜಿಂಕ್ ಕ್ರೀಮ್ ಹಚ್ಚಲು ಹೇಳುತ್ತಾರೆ. ಕಲೆ ಮರೆಯಾದ ಮೇಲೂ ಕೆಲವು ದಿನ ಮುಂದುವರಿಸಬೇಕಾಗುತ್ತದೆ. ಬಾಯಲ್ಲೂ ಬಿಳಿ ಪದರವಿದ್ದರೆ ಮಗುವಿನ ಬಾಯಿಗೂ ಹಾಲೂಡಿಸುವ ತಾಯಿಯ ಮೊಲೆತೊಟ್ಟಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು, ಇಲ್ಲವಾದರೆ ಸೋಂಕು ಇಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ.

ಭೇದಿಯಿಂದ ಬಂದ ಉರಿಯಾದರೆ ಭೇದಿಗೂ ಉಪಚಾರ ನಡೆಯಬೇಕು. ಎದೆಹಾಲು ನಿಲ್ಲಿಸದೆ, ಓಆರ್‌ಎಸ್ ಕೊಡುತ್ತಾ, ಆರೋಗ್ಯ ಕೇಂದ್ರದಲ್ಲಿ ಸಿಗುವ ಜಿಂಕ್ ಮಾತ್ರೆಯನ್ನು 14 ದಿನ ಕೊಡುವುದು ವಾಡಿಕೆ. ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಅನಂತರ 20 ಮಿಲಿಗ್ರಾಂ.

ಮೇಲೆ ಹೇಳಿದಂತೆ ಮಾಡಿಯೂ ಮೂರು ದಿನದಲ್ಲಿ ಇಳಿಮುಖ ಕಾಣದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮಕ್ಕಳ ವೈದ್ಯರಲ್ಲಿಗೋ ಹೋಗಬೇಕು. ಮಗು ಒಂದು ತಿಂಗಳೊಳಗಿನದಾಗಿದ್ದರೆ ಮೂರು ದಿನವೂ ಕಾಯಬೇಡಿ. ಹೆರಿಗೆಯ ನಂತರದ 42 ದಿನಗಳಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಮಗುವನ್ನು ಬಿಚ್ಚಿ ತೋರಿಸಿದರೆ ಎಲ್ಲಿಗೆ, ಎಷ್ಟು ಬೇಗ ಹೋಗಬೇಕೆಂಬುದನ್ನು ಅವರು ಹೇಳುತ್ತಾರೆ. ಕೀವುಗುಳ್ಳೆ, ನೀರುಗುಳ್ಳೆ, ಜೇನಿನ ಬಣ್ಣದ ಹೊಪ್ಪಳೆ, ರಕ್ತ ಒಸರುವಿಕೆ, ಜ್ವರ, ಹಾಲು ಕುಡಿಯಲು ಒಲ್ಲೆನ್ನುವುದು, ಇವುಗಳಲ್ಲಿ ಯಾವುದಿದ್ದರೂ ಅಂದೇ ತೋರಿಸಬೇಕು. ಗುದದ ಸುತ್ತ ಮಾತ್ರ ಗೆರೆ ಎಳೆದಂತೆ ಅಚ್ಚಗೆಂಪಾಗಿ, ಮಲ ವಿಸರ್ಜಿಸುವಾಗ ಮಗು ನೋವಿನಿಂದ ಅಳುತ್ತಿದ್ದರೆ ಅದು ಬ್ಯಾಕ್ಟೀರಿಯಾ ಸೋಂಕಾಗಿರಬಹುದು; ಕ್ರೀಮಿನಿಂದ ಅದು ಹೋಗುವುದಿಲ್ಲ. ತುಟಿಯ ಸುತ್ತ, ಕೈಕಾಲುಗಳ ಮೇಲೆ, ಗುದದ ಸುತ್ತ ಏಕಕಾಲಕ್ಕೆ ಇಂಥ ಹೊಪ್ಪಳೆಗಳಿದ್ದು, ಭೇದಿ ನಿಲ್ಲದೆ ಕೂದಲೂ ಉದುರುತ್ತಿದ್ದರೆ ದೇಹದಲ್ಲಿ ಸತುವಿನ ಕೊರತೆಯಿರಬಹುದು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಮತ್ತು ಎದೆಹಾಲು ಬಿಡಿಸಿದ ಮೇಲೆ ಇದನ್ನು ನೆನಪಿಡಬೇಕು. ಜ್ವರದ ಮಗುವಿನ ಮೈಮೇಲೆ ಗಾಜಿನ ಲೋಟ ಒತ್ತಿದರೂ ಮಾಯವಾಗದ ನೇರಳೆ ಚುಕ್ಕೆಗಳು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.

ತಾಯಿ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾಗಿರಲಿ, ಪಂಚಾಯಿತಿಯ ಕೂಸಿನ ಮನೆಯವರಾಗಿರಲಿ, ಯಾವ ಕ್ರೀಮ್, ಎಷ್ಟು ದಪ್ಪ, ಯಾವಾಗ ಎಂಬುದನ್ನು ಬರೆದುಕೊಟ್ಟು, ಬೇರೇನನ್ನೂ ಹಚ್ಚಬೇಡಿರೆಂದು ಮರ್ಯಾದೆಯಿಂದಲೇ ಹೇಳಿಬಿಡುವುದು ಲೇಸು. ಗಾಯ ಮಾಗಿದ ಮೇಲೆ ಆ ಜಾಗ ಕೆಲವು ವಾರ ಸುತ್ತಲಿಗಿಂತ ಕಪ್ಪಗೋ ಬೆಳ್ಳಗೋ ಕಾಣುತ್ತದೆ. ಅದು ತಾನಾಗಿಯೇ ಸರಿಹೋಗುವ ಬಣ್ಣ. ಅದನ್ನು ತಿಳಿಮಾಡಲೆಂದು ಕಡಲೆಹಿಟ್ಟು ಹಾಕಿ ತಿಕ್ಕಿದರೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.